ಹಳ್ಳವಿಲ್ಲದ ಊರಿಗೆ ಬಂದ ಸೇತುವೆ

ಹಿಂದುಳಿದ ಊರುಗಳಿಗೆ ಮಾತ್ರ ದುಡ್ಡು ಕೊಟ್ಟರೆ ದೇಶದ ರಾಜ್ಯಗಳೆಲ್ಲ ಒಂದೇ ಸಮಕ್ಕೆ ಬರುತ್ತವೆಂದು ದೆಹಲಿಯವರು ತೀರ್ಮಾನಿಸಿದ್ದು ಎರಡು ಸಾವಿರದ ಮೂರನೇ ಇಸವಿಯಲ್ಲಿ. ಊರು ಹಿಂದುಳಿದಿದೆ ಎಂಬುದನ್ನು ಸಮಿತಿಯು ಖುದ್ದು ಕಂಡೇ ನಂಬತಕ್ಕದ್ದೆಂದು ನಿಯಮವೂ ಆಯಿತು.

ಅಮೃತೂರಿನ ಕಡೆ ಕೆಳಗಲಪಾಳ್ಯದ ಸಿದ್ದಲಕ್ಷ್ಮಮ್ಮನಿಗೆ ಬೇಕಾಗಿದ್ದುದು ಊರ ಮುಂದಿನ ಹಳ್ಳಕ್ಕೊಂದು ಸೇತುವೆ. ಆಚೆ ದಡದ ಡೈರಿಗೆ ಸುತ್ತಿಬಳಸಿ ಹೋಗುವಷ್ಟರಲ್ಲಿ ಅವಳ ಹಾಲು ಒಡೆದುಹೋಗುತ್ತಿತ್ತು.

ಪಂಚಾಯ್ತಿ ಸೆಕ್ರೆಟರಿ ಅಂಜನಮೂರ್ತಿ ಮನೆಮನೆಗೂ ಸಾರಿದ: “ನಾಳೆ ಸಮಿತಿ ಬತ್ತದೆ. ಅಂಗಳ ಗುಡಿಸ್ಬೇಡ್ರಮ್ಮಾ. ಬಡವ್ರಂಗೆ ಕಾಣ್ಬೇಕು.”

“ಅದಕ್ಕೆ ಹೊಸದಾಗಿ ಏನಪ್ಪಾ ಮಾಡ್ಬೇಕು?” ಅಂದಳು ಸಿದ್ದಲಕ್ಷ್ಮಮ್ಮ.

ಆದರೆ ಬೆಳಗಾದರೆ ನೆಂಟರು ಬರುತ್ತಾರೆಂದಾಗ ಯಾವ ಹೆಂಗಸು ಸುಮ್ಮನೆ ಕೂತಾಳು? ಅಂಗಳ ಸಾರಿಸಿ ರಂಗೋಲಿ ಬಿಟ್ಟಳು. ಪಕ್ಕದ ಮನೆಯ ಬೆಲ್ಲ, ಆಚೆ ಮನೆಯ ತುಪ್ಪ ಕೈಬದಲು ತಂದು ಒಬ್ಬಟ್ಟು ತಟ್ಟಿದಳು. ಸಮಿತಿಯವರು ಒಬ್ಬೊಬ್ಬರಾಗಿ ಊರಿನ ಗಟ್ಟಿಯಾಳು ಚೌಡಪ್ಪನ ಹೆಗಲೇರಿ ಹಳ್ಳ ದಾಟಿ ಬಂದು ಎಲೆ ಮುಂದೆ ಕೂತರು.

“ಏನ್ ಮಾಡ್ಬುಟ್ಟೆ ತಾಯೀ!” ಎಂದು ಅಂಜನಮೂರ್ತಿ ತಲೆ ಹಿಡಿದುಕೊಂಡ.

“ಅಷ್ಟ್ ದೂರದಿಂದ ಬಂದವ್ರೆ, ಬರೀ ನೀರ್ ಕೊಟ್ಟು ಕಳ್ಸಕಾಯ್ತದಾ? ಇನ್ನೊಂದ್ ಹಾಕ್ಲಾ ಸಾಮಿ?”

ಸಮಿತಿಯ ಅಧ್ಯಕ್ಷರು ಇನ್ನೊಂದು ಹಾಕಿಸಿಕೊಂಡರು. ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ಇವರದು ಎಣಿಸಲೇಬೇಕಾದ ನೌಕರಿ, ಎಣಿಸಿದರು. ಆಮೇಲೆ ವರದಿ ಬರೆದರು: “ಗ್ರಾಮವು ಮುಂದುವರಿದಿದೆ. ತುಪ್ಪವು ಹೇರಳವಾಗಿದೆ. ಹಳ್ಳ ದಾಟಲು ಸಾರಿಗೆ ಸೌಲಭ್ಯವಿದ್ದು, ಸದರಿ ಸೌಲಭ್ಯದ ಹೆಸರು ಚೌಡಪ್ಪ.”

ಪಕ್ಕದ ಬಯಲುಪಾಳ್ಯದವರು ಬಾಗಿಲು ಹಾಕಿಕೊಂಡು ಕೂತಿದ್ದರು. ಬಂದವರಿಗೆ ಲೋಟ ನೀರೂ ಹುಟ್ಟಲಿಲ್ಲ. ಅದು ಅತಿ ಹಿಂದುಳಿದ ಊರೆಂದು ಸೇತುವೆ ಅವರಿಗೆ ಮಂಜೂರಾಯಿತು. ಅಲ್ಲಿ ಹಳ್ಳವಿರಲಿಲ್ಲ. ಸೇತುವೆಯ ಕೆಳಗೆ ನೀರು ಹರಿಯತಕ್ಕದ್ದೆಂದು ನಿಯಮವಿದ್ದುದರಿಂದ ಕಾಲುವೆ ತೋಡಿ, ಕೆಳಗಲಪಾಳ್ಯದ ಹಳ್ಳವನ್ನೇ ಮೇಲಿನಿಂದ ಆ ಕಡೆಗೆ ತಿರುಗಿಸಲಾಯಿತು.

ಇತ್ತ ಹಳ್ಳ ಬತ್ತಿತು. ಸಿದ್ದಲಕ್ಷ್ಮಮ್ಮ ಕಾಲು ಒದ್ದೆಯಾಗದೆ ನೆಟ್ಟಗೆ ಡೈರಿಗೆ ನಡೆದಳು, ಹಾಲು ಒಡೆಯಲಿಲ್ಲ. “ಸೇತುವೆಯ ಖರ್ಚಿಲ್ಲದೆ ಸಂಪರ್ಕ ಕಲ್ಪಿಸಲಾಗಿದೆ” ಎಂದು ಪ್ರಕಟಣೆ ಬಂತು. ಊರವರೆಲ್ಲ ಚಪ್ಪಾಳೆ ತಟ್ಟಿದರು.

ಹಸುವಿಗೆ ನೀರು ಕುಡಿಸಲು ಮಾತ್ರ ಈಗ ಬಯಲುಪಾಳ್ಯಕ್ಕೆ ಹೊಡೆದುಕೊಂಡು ಹೋಗಬೇಕು.

“ನಮ್ ಸೇತ್ವೆ ಹೆಂಗದೆ ಅಕ್ಕಾ?” ಅಂತಾರೆ ಅಲ್ಲಿಯ ಹೆಂಗಸರು.

“ಚೆಂದಾಗದೆ ಕಣವ್ವಾ,” ಅಂತಾಳೆ ಸಿದ್ದಲಕ್ಷ್ಮಮ್ಮ, “ಹಸ ನೀರ್ ಕುಡಿಯಗಂಟ ನಿಂತ್ಕಳಕೆ ಕೆಳ್ಗೆ ನೆಳ್ಳು ಅದೆ.”