ಪೊಲೀಸಪ್ಪನ ಫೋಟೋ ತೆಗೀಬೌದೇನ್ರಿ?

ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ರಸ್ತೆಗೆ ಇಳಿದಾಂವಗ ರಗಳಿ ತಪ್ಪಂಗಿಲ್ಲ. ನಾವು ಬ್ಯಾಡ ಅಂದ್ರೂ ಅವು ಮನಿ ಕೇಳ್ಕೊಂಡು ಬರ್ತಾವ. ಈಗ ಪೊಲೀಸರು ಗಾಡಿ ತರುಬಿದ್ರ ಸಾಕು, ಹೋಗಾವ್ರು ಬರಾವ್ರು ಕಿಸೇದಾಗಿನ ಫೋನ್ ತೆಗೆದು ಹಿಡೀತಾರ. ಹಂಗ ಹಿಡೀಬೌದೋ ಇಲ್ಲೋ ಅಂತ ಚಾದಂಗಡಿಯೊಳಗ ವಾದ ಮಾಡ್ತಾರ. ಮಾಡ್ರಿ ಯಪ್ಪಾ. ಆ ವಾದ ನಾ ಎಪ್ಪತ್ತರ ದಶಕದಾಗ ಮಾಡಿ, ದಣದು, ಕೈ ಬಿಟ್ಟೇನಿ.

೧

ವಿಜಾಪುರದಾಗ ಚೌಕದ ಎದುರಿಗೆ ನಂದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಒಂದಿನ ಸ್ಟುಡಿಯೋದ ಹೊಸಾ ಬೋರ್ಡಿಂದು ಒಂದು ಫೋಟೋ ತೆಗೆಯೋಣಂತ ರಸ್ತೆಗೆ ಬಂದು ನಿಂತೆ. ಅದೇ ಹೊತ್ತಿಗೆ ಚೌಕದ ಪೊಲೀಸಪ್ಪ ಒಂದು ಸೈಕಲ್ ಹಿಡಿದಿದ್ದ. ಡಬಲ್ ಸೀಟ್ ಹೊಂಟಿದ್ರು, ಅದು ಆಗ ದೊಡ್ಡ ಗುನ್ನೆ.

ಪೊಲೀಸಪ್ಪ ನನ್ನ ಕ್ಯಾಮೆರಾ ನೋಡಿದ. ಸೈಕಲ್ಲಿನ ಹ್ಯಾಂಡಲ್ ಬಿಟ್ಟ, ಅಂಗಿ ಜಗ್ಗಿ ಸರಿ ಮಾಡಿದ, ಮೀಸಿ ತಿರುವಿ ಎದಿ ಉಬ್ಬಿಸಿ ನಿಂತ. ಸೈಕಲ್ಲಿನವರು ಇದ ಸಂದು ಅಂತ ಕಾಲ್ತೆಗೆದ್ರು.

"ಸಾಹೇಬ್ರ, ನಾ ಬೋರ್ಡಿಂದ ತೆಗೆಯಾಕತ್ತೇನ್ರಿ," ಅಂದೆ.

"ಬೋರ್ಡ್ ಎಲ್ಲಿ ಓಡಿಹೋಗತೈತಿ? ಮದಲ ನಂದು ತೆಗಿ," ಅಂದ. ಅಂದಾಂವ ಆ ಕಡೆ ತಿರುಗಿ ಒದರಿದ, "ಏ, ಹೊಳ್ಳಿ ಬರ್ರಲೇ! ಹಿಡಿದದ್ದು ಫೋಟೋ ತೆಗಸೂದೈತಿ!"

ಓಡಿ ಹೋದಾವ್ರು ತಿರುಗಿ ಬಂದ್ರು! ಬರೂವಾಗ ಒಬ್ಬ ಕೂದಲಾ ಬ್ಯಾರೆ ಬಾಚ್ಕೊಂಡು ಬಂದ. ಪೊಲೀಸಪ್ಪ ಅವನ ಕಾಲರ್ ಹಿಡಿದ, ನಾ ಫೋಟೋ ಹೊಡೆದೆ. ನಾಕು ದಿನಾ ಬಿಟ್ಟು ಆ ಕೂದಲಾ ಬಾಚಿದಾಂವ ಸ್ಟುಡಿಯೋಕ್ಕ ಬಂದು ಸಣ್ಣ ದನಿಲೆ ಕೇಳಿದ, "ಮಾರಿ ಚಂದ ಬಂದೈತೇನ್ರಿ? ಒಂದು ಕಾಪಿ ಬೇಕಾಗಿತ್ತು. ಹೆಣ್ಣಿನ ಕಡೆಯವರಿಗೆ ತೋರಸೂದೈತಿ."

೨

ಇದಾಗಿ ಒಂದೆರಡು ವರ್ಷಕ್ಕ ಬಬಲೇಶ್ವರದಾಗ ಒಂದು ಮದುವಿ ಫೋಟೋ ಹಿಡಿದಿದ್ದೆ. ಹೆಣ್ಣು ಬಬಲೇಶ್ವರದಾಕಿ, ಗಂಡು ಕನಮಡಿಯಾಂವ. ಗಂಡಿನ ತಾಯಿ ಮದುವಿಗೆ ಬಂದಿರಲಿಲ್ಲ. ವಾರದ ಹಿಂದ ಹಿತ್ತಲದಾಗ ಜಾರಿ ಬಿದ್ದು ಕಾಲ ಮುರಕೊಂಡು, ಕನಮಡಿ ಮನಿಯೊಳಗ ಹೊರಸಿನ ಮ್ಯಾಲ ಮಲಗಿದ್ಳು. ಇರಾಂವ ಒಬ್ಬ ಮಗ. ಅವನ ತಲಿ ಮ್ಯಾಲ ನಾಕು ಅಕ್ಕಿಕಾಳು ಹಾಕೂ ಯೋಗ ಆ ತಾಯಿಗೆ ಬರಲಿಲ್ಲ. ಗಂಡಿನ ಸೋದರಮಾವ ನನ್ನ ಬಾಜೂಕ ಕರದು ಹೇಳಿದ, "ನಮ್ಮಕ್ಕ ಈ ಲಗ್ನ ನೋಡೂದು ನಿಮ್ಮ ಡಬ್ಬಿಯೊಳಗ ನೋಡ್ರಿ. ಸಂಭಾಳಿಸಿ ಹೊಡೀರಿ."

ಆ ಮಾತು ಕೇಳಿ ನನಗ ಊಟ ಸೇರಲಿಲ್ಲ. ಆಗಿನ ರೀಲಿನ್ಯಾಗ ಹನ್ನೆರಡ ಫೋಟೋ. ಒಂದು ಕೆಟ್ರ ಒಂದು ಹೋತು. ಹನ್ನೊಂದು ಮದುವ್ಯಾಗ ಮುಗಿಸಿದೆ. ಹನ್ನೆರಡನೇದು ಸೊಸಿ ಹೊಸ್ತಿಲ ದಾಟೂದಕ್ಕ ಅಂತ ಉಳಿಸ್ಕೊಂಡು ಬೀಗರ ಲಾರಿ ಹತ್ತಿದೆ.

ತಿಕೋಟಾ ನಾಕಾದಾಗ ಒಬ್ಬ ಹವಾಲ್ದಾರ ಕೈ ಅಡ್ಡ ಹಾಕಿದ.

"ಮಾಲು ಹೇರೂ ಲಾರ್‍ಯಾಗ ಮಂದಿ ಹೇರ್ಕೊಂಡು ಹೊಂಟೀರೇನು? ಇಳೀರಿ ಎಲ್ಲಾರೂ! ಕನಮಡಿ ತನಕಾ ನಡಕೋತ ಹೋಗ್ರಿ!"

ನಲವತ್ತು ಮಂದಿ, ಬಾಸಿಂಗ ಕಟ್ಟಿದ ಮದುಮಕ್ಕಳ ಸಮೇತ, ಉರಿಬಿಸಲಾಗ ಇಳಿದು ನಿಂತ್ವಿ. ಶೆಕಿಗೆ ಮದುಮಗ ಬಾಸಿಂಗ ಬಿಚ್ಚಿ ಕೈಯಾಗ ಹಿಡ್ಕೊಂಡ. ಸೋದರಮಾವಗ ನೆತ್ತಿಗೇರಿತು. "ಹೊಡೀರಿ ಫೋಟೋ! ಹೊಸಾ ಮದುಮಕ್ಕಳನ್ನ ಬಿಸಲಾಗ ನಿಂದರಿಸ್ಯಾನ. ಮ್ಯಾಲಿನ ಸಾಹೇಬರಿಗೆ ತೋರಸೋಣು, ಪುರಾವೆ ಇರಲಿ!"

"ಒಂದ ಉಳದೈತ್ರಿ. ಅದು ಹೊಸ್ತಿಲದ್ದು."

"ಹೊಸ್ತಿಲ ಎಲ್ಲಿ ಹೋಗತೈತ್ರಿ, ಹೊಡೀರಿ!"

ಕ್ಯಾಮೆರಾ ತೆಗೆದಾಂವ ಸುಮ್ಮ ಗುಂಡಿ ಒತ್ತಿದ್ರ ಮುಗೀತಿತ್ತು. ಆದರ ಇಪ್ಪತ್ತು ವರ್ಷದ ಚಟ, ಬಾಯಿ ತನ್ನಷ್ಟಕ ತಾನ ಸುರು ಮಾಡಿತು. "ಸ್ವಲ್ಪ ಒತ್ತಿ ನಿಂದರ್ರಿ. ಎತ್ತರದವರು ಹಿಂದ ಹೋಗ್ರಿ. ತಂಗಿ, ಮಾರಿ ಎತ್ತು. ನಡುವಿನವರು ಟೊಪಿಗಿ ಸರಿ ಮಾಡ್ಕೋರಿ. ಹಾಂ, ಉಸರು ಹಿಡೀರಿ."

ಎಲ್ಲಾರೂ ಒತ್ತಿ ನಿಂತ್ರು. ನಡುವ ನಿಂತಿದ್ದಾಂವ ಹವಾಲ್ದಾರ. ಟೊಪಿಗಿ ಸರಿ ಮಾಡ್ಕೊಂಡು, ಎದಿ ಮುಂದ ತಂದು, ಉಸರು ಹಿಡಿದ. ನಾ ಗುಂಡಿ ಒತ್ತಿದೆ.

ಉಸರು ಬಿಟ್ಟ ಮ್ಯಾಲ ಅವಗ ಎಚ್ಚರಾತು. "ಏ! ಡ್ಯೂಟಿ ಮ್ಯಾಲಿದ್ದ ಪೊಲೀಸರ ಫೋಟೋ ತೆಗೀತಿಯೇನಲೇ? ಯಾರು ಕೊಟ್ರು ಪರವಾನಗಿ?"

"ತೆಗೀಬ್ಯಾಡ ಅಂತ ಯಾವ ಕಾನೂನಿನ್ಯಾಗ ಐತ್ರಿ?" ಇದನ್ನ ಅಂದಾಂವ ಸೋದರಮಾವ. ನನಗ ಅಷ್ಟು ಧೈರ್ಯ ಎಲ್ಲೀದು? ಆದರ ಹವಾಲ್ದಾರ ಕೈ ಹಾಕಿದ್ದು ನನ್ನ ಕ್ಯಾಮೆರಾಕ್ಕ. "ರೀಲು ಕಿತ್ತು ಒಗೀತೇನಿ," ಅಂತ ಅದರ ಬೆನ್ನು ಉಗುರಲೆ ಕೆದರಾಕ ಹತ್ತಿದ.

"ಯಪ್ಪಾ, ಬ್ಯಾಡ್ರಿ! ಬಿಸಲು ತಾಗಿದ್ರ ಹನ್ನೊಂದೂ ಮದುವಿ ಫೋಟೋ ಹೋಗ್ತಾವ್ರಿ. ಇವರ ತಾಯಿ ಲಗ್ನಾ ನೋಡಿಲ್ರಿ!" ಮದುಮಗಳು ಅಳಾಕ ಸುರು ಮಾಡಿದ್ಳು. ಆಕಿ ಅಳೂದು ನೋಡಿ ಹವಾಲ್ದಾರಗೂ ಕಸಿವಿಸಿ ಆತು. ಅದಕ್ಕೂ ಹೆಚ್ಚಿಗೆ, ಡಬ್ಬಿ ಹ್ಯಾಂಗ ತೆಗೀಬೇಕು ಅನ್ನೂದು ಅವಗ ಗೊತ್ತಾಗಲಿಲ್ಲ. "ಫೌಜದಾರ ಸಾಹೇಬರು ನೋಡ್ಕೋತಾರ. ನೀವು ಹತ್ರಿ, ಹೋಗ್ರಿ," ಅಂದ.

ನಲವತ್ತು ಮಂದಿ ಹೇರ್ಕೊಂಡ ಲಾರಿ ಬಿಟ್ಟು, ಒಬ್ಬರನ್ನೂ ಹೇರ್ಕೊಳ್ಳದ ಕ್ಯಾಮೆರಾ ಹಿಡಿದ.

೩

ಮರುದಿನ ವಿಜಾಪುರದಾಗ ನನ್ನ ಪರಿಚಯದ ಒಬ್ಬ ವಕೀಲರ ಕಡೆ ಹೋದೆ. ರಾತ್ರಿ ನಿದ್ದಿ ಇಲ್ಲ, ಕಣ್ಣು ಕೆಂಪಗಾಗಿದ್ವು. ವಕೀಲರು ಮೂರು ದಪ್ಪ ಪುಸ್ತಕ ತೆಗೆದು ತಾಸೊತ್ತು ತಿರುವಿ ಹಾಕಿದ್ರು.

"ರಸ್ತೆ ಎಲ್ಲಾರದು. ಎಲ್ಲಾರ ರಸ್ತೆದಾಗ ನಿಂತ ಪೊಲೀಸನ್ನ ಎಲ್ಲಾರೂ ನೋಡಬೌದು. ಫೋಟೋ ತೆಗೀಬ್ಯಾಡ ಅನ್ನೂ ಕಲಂ ನನಗೆಲ್ಲೂ ಕಾಣವಲ್ದು. ಆದರ ಅವರ ಕೆಲಸಕ್ಕ ಅಡ್ಡಿ ಮಾಡಬಾರದು, ನೋಡು. ನೀ ಏನರ ಮಾಡಿದೇನು?"

"ಒತ್ತಿ ನಿಂದರ್ರಿ ಅಂದೇರಿ. ಟೊಪಿಗಿ ಸರಿ ಮಾಡ್ಕೋರಿ ಅಂದೆ."

ವಕೀಲರು ಕನ್ನಡಕ ತೆಗೆದ್ರು. "ಹವಾಲ್ದಾರಗ? ಅಂವ ಕೇಳಿದ್ನೇನು?"

"ಕೇಳಿದ್ರಿ."

"ಹೇಳಿದಂಗ ಕೇಳಿದ ಪೊಲೀಸನ್ನ ನಾ ಇಷ್ಟು ವರ್ಷದಾಗ ನೋಡಿಲ್ಲ. ಇದಕ್ಕ ಕಲಂ ಇರಾಕ ಸಾಧ್ಯನ ಇಲ್ಲ." ಆಮ್ಯಾಲ ಅವರಿಗೆ ಹುರುಪು ಬಂತು. "ಕೇಸು ಹಾಕೋಣು. ಮ್ಯಾಲಿನ ಕೋರ್ಟಿನ ತನಕಾ ಹೋಗೋಣು. ಗೆಲ್ಲೂ ಕೇಸು ಇದು!"

"ಕ್ಯಾಮೆರಾ ಯಾವಾಗ ಸಿಗತೈತ್ರಿ?"

"ಸಿಗತೈತಿ, ಚಿಂತಿ ಬಿಡು. ನೀ ಅಲ್ಲಾದ್ರೂ ನಿನ್ನ ಮಗ ಅದರಾಗ ಫೋಟೋ ತೆಗೀತಾನ."

೪

ಫೌಜದಾರರು ಶಾಣ್ಯಾ ಮನಶ್ಯಾ. ನನ್ನ ಕರಸಿ ಹೇಳಿದ್ರು, "ರೀಲು ತೊಳದು ಫೋಟೋ ತಾ. ಹವಾಲ್ದಾರನ ಕೆಲಸಕ್ಕ ಅಡ್ಡಿ ಮಾಡಿದ್ದು ಕಂಡ್ರ ಕೇಸು. ಕಾಣದಿದ್ರ ಕ್ಯಾಮೆರಾ ನಿಂದು, ಫೋಟೋ ನಿಂದು." ಕಾವಲಿಗೆ ಚೌಕದ ಪೊಲೀಸಪ್ಪನ್ನ ಕಳಿಸಿದ್ರು.

ಅವನ್ನ ಕರ್ಕೊಂಡು ನನ್ನ ಸ್ಟುಡಿಯೋದ ಕತ್ತಲಕೋಣಿಗೆ ಹೋಗಿ ಬಾಗಲಾ ಹಾಕಿದೆ. ಕೈಯಿಗೆ ಕೈ ಕಾಣದಂಥಾ ಕತ್ತಲಿ. ರೀಲು ಹೊರಗ ತೆಗೆದು ಕೈಯಾಗ ಹಿಡಿದೇನಿ, ಬಾಜೂಕ ಪೊಲೀಸಪ್ಪಂದು ದನಿ ಬಂತು.

"ನೀ ರೀಲು ಬದಲ ಮಾಡಿದ್ರ ನನಗ ಹ್ಯಾಂಗ ಗೊತ್ತಾಗಬೇಕು? ತಡಿ, ಬ್ಯಾಟರಿ ಹಚ್ತೇನಿ."

"ಹಚ್ಚಬ್ಯಾಡ್ರಿ ಯಪ್ಪಾ! ಬೆಳಕು ಬಿತ್ತಂದ್ರ ಎಲ್ಲಾ ಸುಟ್ಟು ಹೋಗತೈತ್ರಿ!"

"ಹಚ್ಚದಿದ್ರ ನಾ ಕಾವಲು ಕಾಯ್ದದ್ದು ಏನು?"

ಹನ್ನೊಂದು ಮದುವಿ ಫೋಟೋ ನನ್ನ ಕೈಯಾಗ, ಬ್ಯಾಟರಿ ಗುಂಡಿ ಅವನ ಕೈಯಾಗ. ಕಡೀಕ ಹೇಳಿದೆ, "ನನ್ನ ಅಂಗಿ ಚುಂಗ ಹಿಡ್ಕೋರಿ. ನಾ ಎಲ್ಲಿ ಹೋದ್ರೂ ನಿಮಗ ತಿಳೀತೈತಿ." ಅಂವ ನನ್ನ ಅಂಗಿ ಹಿಡ್ಕೊಂಡ. ನಾ ತೊಳದೆ. ಹನ್ನೆರಡೂ ಬಂದ್ವು. ಅಲ್ಲೇ ನೆಲಕ್ಕ ಕುಂತು ಬಿಟ್ಟೆ.

ಹೊರಗ ಬಂದು ಪೊಲೀಸಪ್ಪ ವರದಿ ಬರೆದ: 'ಸದರಿ ಇಸಮನು ಪೂರ್ಣ ಕತ್ತಲೆಯಲ್ಲಿ ಯಾವುದೇ ಲಬಾಡಿ ಮಾಡದೆ ಇರುವುದನ್ನು ನಾನು ಖುದ್ದಾಗಿ ಕಣ್ಣಾರೆ ನೋಡಿರುತ್ತೇನೆ.'

೫

ಹನ್ನೆರಡನೇ ಫೋಟೋ ಫೌಜದಾರರ ಟೇಬಲ್ ಮ್ಯಾಲ ಇಟ್ಟೆ. ಬಾಜೂಕ ಹವಾಲ್ದಾರ ನಿಂತಿದ್ದ. ಫೋಟೋದಾಗೂ ನಿಂತಿದ್ದ: ಒಂದು ಬಾಜೂಕ ಮದುಮಗ, ಇನ್ನೊಂದು ಬಾಜೂಕ ಮದುಮಗಳು, ನಡುವ ತಾನು.

ಫೌಜದಾರರು ಭಾಳೊತ್ತು ನೋಡಿದ್ರು. ಹವಾಲ್ದಾರನ ಮುಂದ ಫೋಟೋ ಸರಿಸಿದ್ರು. "ನಿನ್ನ ಕರ್ತವ್ಯಕ್ಕ ಅಡ್ಡಿ ಆಗೇತಿ ಅಂತೀ. ಅಡ್ಡಿ ಆಮ್ಯಾಲ ಹುಡುಕೋಣು. ಇದರಾಗ ಕರ್ತವ್ಯ ಎಲ್ಲೈತಿ, ಅದನ್ನಷ್ಟು ಬಟ್ಟು ಮಾಡಿ ತೋರಸು."

೬

ಕ್ಯಾಮೆರಾ ಸಿಕ್ಕಿತು. ಫೋಟೋ ತಗೊಂಡು ಕನಮಡಿಗೆ ಹೋದೆ. ಗಂಡಿನ ತಾಯಿ ಹೊರಸಿನ ಮ್ಯಾಲ ಎದ್ದು ಕುಂತ್ಳು. ಒಂದೊಂದ ಫೋಟೋ ಕೈಯಾಗ ಕೊಟ್ಟೆ.

ಏನು ಹೇಳ್ಲಿ, ಹನ್ನೊಂದರಾಗೂ ಗಂಡಿನ ಮಾರಿ ಬಾಸಿಂಗದ ಹಿಂದ. ಸೊಸಿ ನಾಚಿ ತಲಿ ತೆಗ್ಗಿಸ್ಯಾಳ, ನೆತ್ತಿ ಬಿಟ್ರ ಮತ್ತೇನೂ ಕಾಣಂಗಿಲ್ಲ. ಮುದುಕಿ ಒಂದೊಂದ ತಿರುವಿ ತಿರುವಿ ನೋಡಿ ಬಾಜೂಕ ಇಡಾಕತ್ತಿದ್ಳು. ನಾ ನೆಲಾ ನೋಡ್ಕೋತ ಕುಂತೆ. ಇಷ್ಟು ಬಡದಾಡಿ ತಂದದ್ದು ಇದ ಏನು ಅಂತ ನನ್ನ ಮ್ಯಾಲ ನನಗ ಬ್ಯಾಸರಾತು.

ಹನ್ನೆರಡನೇದು ಕೈಯಾಗ ಹಿಡಿದಾಕಿ ಬಾಜೂಕ ಇಡಲಿಲ್ಲ. ಅದರಾಗ ಮಗನ ಮಾರಿ ಪೂರಾ ಕಾಣತೈತಿ. ಸೊಸಿ ತಲಿ ಎತ್ಯಾಳ. ಮುದುಕಿ ಇಬ್ಬರ ಮಾರಿ ಮ್ಯಾಲೂ ಬಟ್ಟು ಆಡಿಸಿ ಕಣ್ಣೀರು ತಂದ್ಳು. "ಈಗ ನೋಡಿದೆ ನೋಡೋ ತಮ್ಮಾ, ನನ್ನ ಮಗನ ಲಗ್ನ," ಅಂದ್ಳು.

ಆಮ್ಯಾಲ ಬಟ್ಟು ನಡುವ ಬಂದು ನಿಂತಿತು. "ಇಂವ ಯಾರೋ?"

ಸೊಸಿ ಮನಿ ಮುಟ್ಟೂಕಿಂತ ಮದಲ ಪೊಲೀಸರು ತರುಬಿದ್ರು ಅಂದ್ರ ಮುದುಕಿ ಅಪಶಕುನ ಅಂತ ಕೊರಗ್ತಾಳಂತ ಯಾರೂ ಹೇಳಿರಲಿಲ್ಲ. ಸೋದರಮಾವ ಅಂದ, "ಹೆಣ್ಣಿನ ಕಡ್ಯಾಂವಕ್ಕಾ. ಪೊಲೀಸದಾಗ ಅದಾನ."

ಮುದುಕಿ ಫೋಟೋ ಹತ್ತರ ಹಿಡ್ಕೊಂಡ್ಳು. "ಗಂಡಾ ಹೆಂಡ್ತಿ ನಡುವ ನಿಂತಾನಂದ್ರ ಭಾಳ ಹತ್ತರದಾಂವ ಇರಬೇಕು. ಮಾರಿ ನೋಡು, ಹ್ಯಾಂಗ ಗಂಟು ಹಾಕ್ಯಾನ. ಹೆಗಲ ಮ್ಯಾಲ ಒಂದು ಟಾವೆಲ್ಲಿಲ್ಲ. ಲೇ, ಇವಗ ಆಯೇರಿ ಮಾಡಿಲ್ಲಲ್ಲೋ ನೀವು! ಬೀಗರ ಕಡ್ಯಾಂವಗ ಟಾವೆಲ್ಲು ಟೊಪಿಗಿ ಕೊಡೂದು ಮರತು ನನ್ನ ಮಾನಾ ಕಳದೀರಿ. ನಡಿ, ಇವತ್ತ ಹೋಗಿ ಮಾಡಿ ಬಾ! ನೀ ಹೋಗದಿದ್ರ ಗಾಡಿ ಹೂಡಸ್ಕೊಂಡು ನಾನ ಹೋಗ್ತೇನಿ!"

ಮುರದ ಕಾಲಿನಾಕಿ ಹೊರಸಿನಿಂದ ಇಳಿಯಾಕ ಹೊಂಟ್ಳು. ಇನ್ನೇನು ಮಾಡೂದು? ಸೋದರಮಾವ ಟಾವೆಲ್ಲು, ಟೊಪಿಗಿ, ಟೆಂಗಿನಕಾಯಿ ತಗೊಂಡ. ಆ ಮನಶ್ಯಾನ ಗುರ್ತು ನಿಮಗೂ ಐತಿ ಅಂತ ನನ್ನೂ ಎಳಕೊಂಡು ಬಸ್ ಹತ್ತಿಸಿದ.

ತಿಕೋಟಾ ನಾಕಾದಾಗ ಹವಾಲ್ದಾರ ಒಂದು ಲಾರಿ ತರುಬಿದ್ದ. ಸುತ್ತಲೂ ಹತ್ತಿಪ್ಪತ್ತು ಮಂದಿ ನೋಡ್ಕೋತ ನಿಂತಿದ್ರು. ಸೋದರಮಾವ ನೆಟ್ಟಗ ಹೋಗಿ ಅವನ ಹಣಿಗೆ ಕುಂಕುಮ ಹಚ್ಚಿದ, ಹೆಗಲಿಗೆ ಟಾವೆಲ್ಲು ಹಾಕಿದ, ಸರಕಾರಿ ಟೊಪಿಗಿ ಮ್ಯಾಲ ಇನ್ನೊಂದು ಟೊಪಿಗಿ ಇಟ್ಟ, ಕೈಯಾಗ ಕಾಯಿ ಕೊಟ್ಟ.

"ಏ, ಏನಿದು? ನಡುರಸ್ತೆದಾಗ ಲಂಚಾ ಕೊಡ್ತಿಯೇನಲೇ?"

"ಲಂಚಾ ಅಲ್ರಿ ಬೀಗ್ರ, ಆಯೇರಿ. ನಮ್ಮಕ್ಕ ಕಳಿಸ್ಯಾಳ. ನೀವು ಹೆಣ್ಣಿನ ಕಡ್ಯಾರು."

ಲಾರಿಯೊಳಗಿನವರು ಬಗ್ಗಿ ನೋಡಾಕ ಹತ್ತಿದ್ರು. ಯಾರೋ ಹಿಂದಿನಿಂದ, "ಹವಾಲ್ದಾರ ಟಾವೆಲ್ಲು ತಗೊಂಡ ನೋಡ್ರೋ!" ಅಂದ. ಹವಾಲ್ದಾರನ ಮಾರಿ ಬಿಳಚಿತು. ಸುತ್ತಲೂ ನೋಡಿದ. ಕಡೀಕ ನನ್ನ ಹೆಗಲಾಗಿನ ಕ್ಯಾಮೆರಾ ಅವನ ಕಣ್ಣಿಗೆ ಬಿತ್ತು.

"ಏ ಫೋಟೋದಾಂವ, ನಿಂತು ಏನು ನೋಡ್ತಿ? ಹೊಡಿಯೋ ಮಾರಾಯಾ, ಲಗೂನ ಒಂದು ಫೋಟೋ ಹೊಡಿ! ಇದು ಲಂಚಾ ಅಲ್ಲ ಅನ್ನಾಕ ನಾಳೆ ನನಗ ಪುರಾವೆ ಬೇಕು!"