ನೋ-ರಿಪ್ಲೈ ಸಾಹೇಬರಿಗೆ, ಮೂರು ಡಬ್ಲ್ಯುಗಳ ಬಾಬತ್ತು

ಇವರಿಗೆ:
ಮಾನ್ಯ ನೋ-ರಿಪ್ಲೈ ಸಾಹೇಬರು,
ಗ್ರಾಹಕ ಸಂತೋಷ ವಿಭಾಗ,
ನಾಮಧೇಯ ಡೊಮೈನ್ಸ್ ಕಂಪನಿ.
ಊರು: ತಾವು ತಿಳಿಸಿಲ್ಲ.

ಇವರಿಂದ:
ವೆಂಕಟರವಣಪ್ಪ, ರೇಷ್ಮೆ ಬೆಳೆಗಾರ ಹಾಗೂ ಬ್ಲಾಗು ಬರೆಯುವವನು, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ. ತಮ್ಮ ಫಾರಂನಲ್ಲಿ ಮಾತ್ರ ಇನ್ನೂ ಕೋಲಾರ.

ವಿಷಯ: ನನ್ನ ಹೆಸರಿನ ಕೆಳಗೆ ನಿಂತು ಕೈಬೀಸುತ್ತಿರುವ ಹೆಂಗಸರನ್ನು ಭಾನುವಾರದೊಳಗೆ ಅವರವರ ಮನೆಗೆ ಕಳುಹಿಸಿಕೊಡುವ ಬಗ್ಗೆ.

ಮಾನ್ಯರೇ,

ತಮಗೂ, ತಮ್ಮ ಕೈಕೆಳಗಿನ ಸಮಸ್ತ ಯಂತ್ರಗಳಿಗೂ, ಆ ಯಂತ್ರಗಳಿಗೆ ಬೆವರದಂತೆ ಗಾಳಿ ಬೀಸುವ ಫ್ಯಾನುಗಳಿಗೂ ನನ್ನ ಅನಂತ ನಮಸ್ಕಾರಗಳು. ಇತ್ತ ನಾನು, ನನ್ನ ಹಿಪ್ಪುನೇರಳೆ ತೋಟ, ಮನೆಯ ತಟ್ಟೆಗಳಲ್ಲಿ ಮೂರನೇ ಜ್ವರಕ್ಕೆ ಕೂತಿರುವ ಹುಳುಗಳು, ಎಲ್ಲರೂ ಕ್ಷೇಮ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ, ತಾವು ಗಾಬರಿಪಡಬೇಕಾಗಿಲ್ಲ. ಕ್ಷೇಮವಾಗಿಲ್ಲದ್ದು ನನ್ನ ಮಾನ ಒಂದೇ, ಅದು ಸದ್ಯಕ್ಕೆ ತಮ್ಮ ಕಂಪನಿಯ ವಶದಲ್ಲಿದೆ.

ನನ್ನ ಪರಿಚಯವನ್ನು ನಾನೇ ಹೇಳಿಕೊಂಡರೆ ಜಂಬವೆನ್ನುತ್ತಾರೆ, ಹೇಳಿಕೊಳ್ಳದಿದ್ದರೆ ತಮಗೆ ನಷ್ಟವಾಗುತ್ತದೆ. ಊರ ಶಾಲೆಯಲ್ಲಿ ಏಳನೇ ತರಗತಿಯನ್ನು ಎರಡು ವರ್ಷ ಓದಿದವನು ನಾನು. ಮೇಷ್ಟ್ರಿಗೆ ನನ್ನನ್ನು ಬಿಟ್ಟುಕೊಡಲು ಅಷ್ಟು ಸಂಕಟವಿತ್ತು. ಕನ್ನಡದಲ್ಲಿ ಟೈಪು ಮಾಡುವುದನ್ನು ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಒಂದೇ ಬೆರಳಿನಲ್ಲಿ, ಒಂದೇ ವಾರದಲ್ಲಿ ಕಲಿತು ಬ್ಲಾಗು ತೆರೆದು, ಹುಳು ಸಾಕುವುದು ಹೇಗೆ, ಸೊಪ್ಪು ಕೊಯ್ಯುವುದು ಯಾವಾಗ, ಗೂಡಿನ ಮಾರುಕಟ್ಟೆಯಲ್ಲಿ ದಲ್ಲಾಳಿಯ ಮುಖ ನೋಡಿ ಅವನ ಮನಸ್ಸು ಓದುವುದು ಹೇಗೆ ಎಂದು ಲೋಕಕ್ಕೆ ತಿಳಿಸುತ್ತ ಬಂದಿದ್ದೇನೆ. ಈವರೆಗೆ ಅದನ್ನು ನಾಲ್ಕು ಸಾವಿರ ಸಲ ಜನ ನೋಡಿದ್ದಾರೆಂದು ಕೆಳಗಿನ ಮೀಟರು ಹೇಳುತ್ತದೆ. ಅದರಲ್ಲಿ ನಾನು ನೋಡಿದ್ದು ಮೂರು ಸಾವಿರದ ಮೇಲಿರಲಾರದು.

ಆ ಬ್ಲಾಗಿಗೆ ಪುಕ್ಕಟೆ ಜಾಗ ಕೊಟ್ಟ ಪುಣ್ಯಾತ್ಮರ ಮೇಲೆ ನನಗೆ ಕೋಪವಿಲ್ಲ. ಆದರೆ ಆ ವಿಳಾಸದಲ್ಲಿ ನನ್ನ ಹೆಸರಿಗಿಂತ ಅವರ ಹೆಸರೇ ಉದ್ದವಾಗಿತ್ತು. ಬಾಡಿಗೆ ಮನೆಯಲ್ಲಿ ಕೂತು ಊರಿಗೆ ಬುದ್ಧಿ ಹೇಳುವುದು ನನ್ನಂಥವನಿಗೆ ಶೋಭಿಸುವುದಿಲ್ಲವೆಂದು ತಮ್ಮ ಬಳಿ ‘ವೆಂಕಟರವಣಪ್ಪ ಡಾಟ್ ಕಾಮ್’ ಎಂಬ ಸ್ವಂತ ಹೆಸರನ್ನು ಕೊಂಡೆ. ನನ್ನ ತಾತನಿಂದ ನನಗೆ ಪುಕ್ಕಟೆ ಬಂದ ಹೆಸರನ್ನೇ ತಮ್ಮಿಂದ ಒಂದು ವರ್ಷದ ಮಟ್ಟಿಗೆ ಕೊಂಡುಕೊಂಡ ಮೇಲೆ, ತಾವು ಕಳಿಸಿದ ಇಂಗ್ಲಿಷು ಸೂಚನೆಗಳನ್ನು ಶಿಡ್ಲಘಟ್ಟ ಬಸ್‌ಸ್ಟ್ಯಾಂಡಿನ ಸೈಬರ್ ಸೆಂಟರಿನಲ್ಲಿ ಕೂತು ಅಕ್ಷರ ಬಿಡದೆ ಪಾಲಿಸಿದೆ. ಬ್ಲಾಗಿನ ಕಡೆ ಹೊಸ ಹೆಸರು ತುಂಬಿದೆ, ತಮ್ಮ ಕಡೆ ಬ್ಲಾಗಿನ ವಿಳಾಸ ತುಂಬಿದೆ, ಸೇವ್ ಒತ್ತಿದೆ, ನಲವತ್ತೆಂಟು ಗಂಟೆ ಕಾಯಿರಿ ಎಂದಿರಿ, ಕಾದೆ. ಮೂವತ್ತೊಂದನೇ ಗಂಟೆಗೆಲ್ಲ ಮುಂದೆ ಮೂರು ಡಬ್ಲ್ಯು ಸೇರಿಸಿ ನನ್ನ ಹೆಸರು ಒತ್ತಿದರೆ, ಗೂಡಿನ ರಾಶಿಯ ಪಕ್ಕ ಮೀಸೆ ತಿರುವಿಕೊಂಡು ನಿಂತ ನಾನೇ ಪರದೆಯ ಮೇಲೆ ಬಂದೆ. ಆ ದಿನ ಸೈಬರ್ ಸೆಂಟರಿನಲ್ಲಿದ್ದವರಿಗೆಲ್ಲ ನನ್ನ ಖರ್ಚಿನಲ್ಲಿ ಟೀ ಆಯಿತು, ತಮ್ಮ ಕಂಪನಿಗೆ ಜೈಕಾರವೂ ಆಯಿತು. ಆ ಜೈಕಾರವನ್ನು ಈ ಪತ್ರದ ಮೂಲಕ ವಾಪಸು ಪಡೆಯುತ್ತಿದ್ದೇನೆ.

ಇಲ್ಲಿ ನಮ್ಮ ಅಕ್ಕ ಅಶ್ವತ್ಥಮ್ಮನವರನ್ನು ತಮಗೆ ಪರಿಚಯಿಸಬೇಕು. ಅಕ್ಕನ ಒಬ್ಬಳೇ ಮಗಳು ಜ್ಯೋತಿಲಕ್ಷ್ಮಿಗೆ ಗೌರಿಬಿದನೂರಿನ ತಿರುಮಲೇಶ್ ಎಂಬ ಹೈಸ್ಕೂಲು ಮೇಷ್ಟ್ರ ಜೊತೆ ಮದುವೆ ಗೊತ್ತಾಗಿದೆ. ಸೋದರಮಾವನೆಂದ ಮೇಲೆ ಪತ್ರಿಕೆಯ ಉಸ್ತುವಾರಿ ನನ್ನದೇ. ಏಳುನೂರು ಪತ್ರಿಕೆ ಚಿಂತಾಮಣಿಯಲ್ಲಿ ಅಚ್ಚಿಗೆ ಕೊಟ್ಟಾಗ, ನನ್ನ ಹೆಸರಿನ ಕೆಳಗೆ ನನ್ನ ಹೊಸ ವಿಳಾಸವನ್ನೂ ಹಾಕಿಸಿ, ಛತ್ರಕ್ಕೆ ದಾರಿ, ಬಸ್ಸಿನ ಹೊತ್ತು, ನಿಶ್ಚಿತಾರ್ಥದ ಫೋಟೋ ಎಲ್ಲವೂ ಅಲ್ಲಿದೆಯೆಂದು ಬರೆಸಿದೆ. ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಯಾವ ಸೋದರಮಾವನೂ ಮಾಡದ ಕೆಲಸ ಅದು. ಅಚ್ಚಿಗೆ ಹೋಗುವ ಮುನ್ನ ಕರಡು ನೋಡಿದ ಅಕ್ಕ, ಮೂರು ಡಬ್ಲ್ಯುಗಳ ಮೇಲೆ ಬೆರಳಿಟ್ಟು ಕೇಳಿದ್ದನ್ನು ಕೇಳಿದ ಹಾಗೆಯೇ ತಮ್ಮ ಅವಗಾಹನೆಗೆ ತರುತ್ತಿದ್ದೇನೆ: “ಏಮ್ರಾ ರವಣ, ಹೆಣ್ಣು ನೋಡಕ್ಕೆ ಮೂರು ಜನ ಹೋಗಲ್ಲ, ಎಲೆಗೆ ಮೂರು ಒಬ್ಬಟ್ಟು ಇಕ್ಕಲ್ಲ, ಮಗು ಮದ್ವೆ ಪತ್ರಿಕೇಲಿ ಒಂದೇ ತರದವು ಮೂರು ತಂದು ಸಾಲಾಗಿ ನಿಲ್ಸಿದೀಯಲ್ಲ, ನಿಂಗೇನು ಬಂದೈತೆ? ಎರಡು ಹಾಕು, ಇಲ್ಲ ನಾಲ್ಕು ಹಾಕು. ಮೂರು ಬ್ಯಾಡ ಕಣಪ್ಪ.”

ಮಾನ್ಯರೇ, ಅಕ್ಕನ ಮಾತಿನಲ್ಲಿ ತಪ್ಪು ಹುಡುಕುವ ಧೈರ್ಯ ನನಗಿಲ್ಲ, ತಮಗಿದ್ದರೆ ಬಸ್ಸು ಹತ್ತಿ ಬನ್ನಿ. ಮೂರು ಅಶುಭವೆಂಬುದು ನಮ್ಮ ಸೀಮೆಯ ಎಳೆಮಗುವಿಗೂ ಗೊತ್ತು. ಮೂರು ಜನ ಶುಭಕಾರ್ಯಕ್ಕೆ ಹೊರಡಲೇಬೇಕಾದರೆ ಒಂದು ಕಲ್ಲನ್ನಾದರೂ ಜೇಬಿನಲ್ಲಿ ಇಟ್ಟುಕೊಂಡು ನಾಲ್ಕು ಮಾಡಿಕೊಳ್ಳುವ ಜನ ನಾವು. ಪ್ರಪಂಚದ ಎಲ್ಲ ವಿಳಾಸಗಳ ತಲೆಯ ಮೇಲೂ ಮೂರು ಮೂರು ಅಕ್ಷರ ಹೇರಿದವರು ನಮ್ಮ ಒಬ್ಬ ಅಶ್ವತ್ಥಮ್ಮನನ್ನಾದರೂ ಒಂದು ಮಾತು ಕೇಳಬಹುದಿತ್ತು. ನಾಲ್ಕು ಹಾಕಿದರೆ ತೆರೆಯುವುದಿಲ್ಲ, ಎರಡು ಹಾಕಿದರೂ ತೆರೆಯುವುದಿಲ್ಲ. ಹಾಗಾಗಿ ಮೂರನ್ನೂ ತೆಗೆಸಿ ಬರಿಯ ಹೆಸರನ್ನೇ ಅಚ್ಚು ಹಾಕಿಸಿದೆ. ನನ್ನ ಹೆಸರಿಗೆ ಮುಂದೆ ಕಾವಲುಗಾರರು ಬೇಕೆಂದು ನನಗೇನು ಗೊತ್ತು? ನಾನು ಮುರುಗಮಲ್ಲದ ಸಂತೆಗೆ ಅಂಗಿ ಹಾಕಿಕೊಂಡು ಹೋದರೂ ವೆಂಕಟರವಣಪ್ಪನೇ, ಬರಿಮೈಯಲ್ಲಿ ಟವಲು ಹೊದ್ದು ಹೋದರೂ ವೆಂಕಟರವಣಪ್ಪನೇ. ಟೀ ಅಂಗಡಿಯವನು ಎರಡು ಸಲವೂ ಗುರುತು ಹಿಡಿಯುತ್ತಾನೆ.

ತಾವು ಹಿಡಿಯಲಿಲ್ಲ. ಪತ್ರಿಕೆಗಳೆಲ್ಲ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮನೆಮನೆ ಸೇರಿದ ಮೇಲೆ, ಕಳೆದ ಸೋಮವಾರ ಬೆಳಿಗ್ಗೆ ಬೀಗರಾದ ಚೆನ್ನರಾಯಪ್ಪನವರ ಫೋನು ಬಂತು. ಚೆನ್ನರಾಯಪ್ಪನವರು ರೆವಿನ್ಯೂ ಇಲಾಖೆಯಿಂದ ನಿವೃತ್ತರಾದವರು, ನಗುವುದನ್ನು ಇಲಾಖೆಯಲ್ಲೇ ಬಿಟ್ಟು ಬಂದವರು. ಸೊಸೆಯ ಸೋದರಮಾವ ಕಂಪ್ಯೂಟರಿನಲ್ಲಿ ಬರುತ್ತಾನಂತೆ ಎಂದು ಇಬ್ಬರು ಷಡ್ಡಕರನ್ನೂ ಕರೆದುಕೊಂಡು ಗೌರಿಬಿದನೂರಿನ ಸೈಬರ್ ಸೆಂಟರಿಗೆ ಹೋಗಿ, ಪತ್ರಿಕೆಯಲ್ಲಿದ್ದದ್ದನ್ನು ಇದ್ದ ಹಾಗೇ ಒತ್ತಿಸಿದ್ದಾರೆ. ಆಮೇಲೆ ನನ್ನ ಕಿವಿಗೆ ಬಿದ್ದದ್ದು ಇಷ್ಟು: “ಏನ್ರೀ ರವಣಪ್ಪನೋರೇ, ನಿಮ್ಮ ಹೆಸ್ರು ಒತ್ತಿದ್ರೆ ಯಾರ್ಯಾರೋ ಹೆಣ್ಮಕ್ಕಳು ಕೈಬೀಸ್ತಾವ್ರೆ? ನಿಮ್ಮೂರಲ್ಲಿ ಒಂಟಿಯಾಗಿದೀವಿ, ಬಂದು ಮಾತಾಡ್ಸಿ ಅಂತ ಬರ್ದವ್ರೆ. ಮೇಲ್ಗಡೆ, ಈ ಹೆಸ್ರು ಮಾರಾಟಕ್ಕೈತೆ ಅಂತ ಬೇರೆ. ಏನು ಕಸುಬ್ರೀ ನಿಮ್ದು? ಭಾನುವಾರ ಅರಿಶಿನ ಕುಟ್ಟೋ ಶಾಸ್ತ್ರ ಅಂದಿದ್ರಲ್ಲ, ಇದು ಇತ್ಯರ್ಥ ಆಗೋಗಂಟ ಒನಕೆ ಮುಟ್ಬೇಡಿ.”

ನಾನು ಓಡಿಹೋಗಿ ಮೊದಲು ಮೂರು ಡಬ್ಲ್ಯು ಹಾಕಿ ನೋಡಿದೆ, ನನ್ನ ಮೀಸೆ ಇತ್ತು. ಡಬ್ಲ್ಯು ತೆಗೆದು ನೋಡಿದೆ, ಮೀಸೆ ಇರಲಿಲ್ಲ, ಅವರಿದ್ದರು. ಒಬ್ಬಳು ಟೋಪಿ ಹಾಕಿದ್ದಳು, ಒಬ್ಬಳು ಅದನ್ನೂ ಹಾಕಿರಲಿಲ್ಲ. ಪಕ್ಕದಲ್ಲಿ ತಲೆಗೂದಲು ಬರಿಸುವ ಎಣ್ಣೆಯ ಜಾಹೀರಾತು, ಅದರ ಪಕ್ಕದಲ್ಲಿ ಸುಲಭ ಸಾಲದ್ದು. ಒಂದೇ ಹೆಸರನ್ನು ನನಗೂ ಕೊಟ್ಟು, ಅದೇ ಹೆಸರಿನ ಜಗಲಿಯಲ್ಲಿ ತಾವು ಸಂತೆಯನ್ನೂ ಕಟ್ಟಿಸಿ, ಕಟ್ಟಿಸಿದ ಸಂಗತಿಯನ್ನು ನನಗೆ ತಿಳಿಸದೆ ಇರುವ ತಮ್ಮ ವಿನಯವನ್ನು ಯಾವ ಬಾಯಿಂದ ಹೊಗಳಲಿ? ಎರಡು ಬಾಗಿಲಿನ ಮನೆ ಮಾರುವವನು ಹಿಂಬಾಗಿಲಿನಲ್ಲಿ ಯಾರು ವಾಸವಿದ್ದಾರೆಂದು ಕೊಳ್ಳುವವನಿಗೆ ಒಂದು ಮಾತು ಹೇಳುತ್ತಾನೆ. ಅವನು ಬರಿಯ ಮನೆ ದಲ್ಲಾಳಿ, ತಾವು ಅಂತರರಾಷ್ಟ್ರೀಯ ಕಂಪನಿ, ತಮಗೆ ಅಷ್ಟು ಕೆಳಗಿಳಿಯಲು ಆಗದು.

ಸೋಮವಾರವೇ ತಮಗೆ ಬರೆದೆ. ಎರಡೇ ಸೆಕೆಂಡಿನಲ್ಲಿ ತಮ್ಮ ಉತ್ತರ ಬಂತು: ಪ್ರಿಯ ಗ್ರಾಹಕರೇ, ತಮ್ಮ ಸಂತೋಷವೇ ನಮ್ಮ ಸಂತೋಷ, ನಲವತ್ತೆಂಟು ಗಂಟೆ ಕಾಯಿರಿ, ಈ ವಿಳಾಸಕ್ಕೆ ಉತ್ತರಿಸಬೇಡಿ, ಇಂತಿ ನೋ-ರಿಪ್ಲೈ. ನನ್ನ ಪತ್ರ ಓದುವುದಕ್ಕೇ ಸೈಬರ್ ಸೆಂಟರಿನವನಿಗೆ ನಾಲ್ಕು ನಿಮಿಷ ಹಿಡಿದಿತ್ತು, ತಾವು ಎರಡು ಸೆಕೆಂಡಿನಲ್ಲಿ ಓದಿ, ಮನನ ಮಾಡಿ, ಮರೆತೂ ಬಿಟ್ಟಿರಿ. ಮಂಗಳವಾರ ಬರೆದೆ, ಅದೇ ಉತ್ತರ. ಬುಧವಾರ ಕೋಪದಲ್ಲಿ ಬರೆದೆ, ಅದೇ ಉತ್ತರ. ಗುರುವಾರ ಪರೀಕ್ಷೆಗೆಂದು ಬರಿಯ ಒಂದು ಚುಕ್ಕೆ ಇಟ್ಟು ಕಳಿಸಿದೆ, ನನ್ನ ಚುಕ್ಕೆಯ ಸಂತೋಷವೇ ತಮ್ಮ ಸಂತೋಷವೆಂದಿರಿ. ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರನ್ನು ನಾನು ಈ ಮೂವತ್ತು ವರ್ಷ ಸುಮ್ಮನೆ ಬೈದುಕೊಂಡೆ. ಅವರು ನಾಳೆ ಬಾ ಎನ್ನುವಾಗ ತಲೆಯನ್ನಾದರೂ ಎತ್ತಿ ನೋಡುತ್ತಿದ್ದರು. ನಮ್ಮ ಹುಳುವಿಗೆ ಕಿವಿಯಿಲ್ಲ, ಇಂಗ್ಲಿಷು ಬಾರದು, ಗ್ರಾಹಕ ಸಂತೋಷ ವಿಭಾಗವೂ ಇಲ್ಲ. ಆದರೂ ಸೊಪ್ಪು ಹಾಕಿದರೆ ಇಪ್ಪತ್ತೈದು ದಿನದಲ್ಲಿ ಗೂಡು ಕಟ್ಟಿ ಉತ್ತರ ಕೊಡುತ್ತದೆ. ಇಡೀ ಒಂದು ಜಿಲ್ಲೆ ಹೋದ ವರ್ಷ ಕೋಲಾರವೆಂಬ ಹೆಸರು ಬಿಟ್ಟು ಚಿಕ್ಕಬಳ್ಳಾಪುರವಾಯಿತು. ಬೋರ್ಡು ಬರೆಯುವವರು ಏಣಿ ಹತ್ತಿ ಇಳಿದರು, ಕೆಲಸ ಮುಗಿಯಿತು. ಒಬ್ಬ ರವಣಪ್ಪನ ಹೆಸರನ್ನು ಸರಿಮಾಡಲು ತಮಗೆ ಏಣಿ ಸಿಕ್ಕಿಲ್ಲ.

ಇದರ ನಡುವೆ ನಮ್ಮ ಜ್ಯೋತಿಲಕ್ಷ್ಮಿ, ಯಾರ ಮದುವೆ ನಿಂತಿದೆಯೋ ಅವಳೇ, ದಿನಕ್ಕೆರಡು ಸಲ ಬಂದು “ಮಾವ, ಪಾಸ್‌ವರ್ಡ್ ಕೊಡು, ನಾನೊಂದ್ಸಲ ನೋಡ್ತೀನಿ” ಎನ್ನುತ್ತಾಳೆ. ನಾನು ಕೊಟ್ಟಿಲ್ಲ. ಕಂಪನಿಯ ಜೊತೆ ನೇರ ಪತ್ರವ್ಯವಹಾರ ನಡೆದಿರುವಾಗ ಹೆಣ್ಣುಮಗು ಮಧ್ಯೆ ಬಂದರೆ ತಾವು ಏನು ತಿಳಿದುಕೊಳ್ಳುತ್ತೀರಿ? ಅವಳು ಹೋಗಿ ನಡುಮನೆಯಲ್ಲಿ ಒರಗಿಸಿಟ್ಟ ಒನಕೆಯನ್ನು ನೋಡುತ್ತ ಕೂರುತ್ತಾಳೆ. ಅಕ್ಕ ನನ್ನನ್ನು ನೋಡುತ್ತಾಳೆ. ಇವೆರಡರಲ್ಲಿ ಯಾವುದನ್ನು ಸಹಿಸುವುದು ಕಷ್ಟವೆಂದು ತಾವು ಕೇಳಿದ್ದರೆ ಹೇಳುತ್ತಿದ್ದೆ, ತಾವು ಕೇಳುವವರಲ್ಲ.

ಆದುದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಇಂತಿವೆ. ಆ ಹೆಂಗಸರನ್ನು ತೆಗೆಯಲು ಆಗದಿದ್ದರೆ ಅವರಿಗೆ ಒಂದೊಂದು ರೇಷ್ಮೆ ಸೀರೆ ಉಡಿಸಿ, ನೂಲು ನಾನೇ ಕೊಡುತ್ತೇನೆ, ಕೈಬೀಸುವುದನ್ನು ಬಿಡಿಸಿ ಕೈಮುಗಿಸಿ, ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಬರೆಸತಕ್ಕದ್ದು. ಅದೂ ಆಗದಿದ್ದರೆ ತಾವೇ ಖುದ್ದಾಗಿ ಗೌರಿಬಿದನೂರಿಗೆ ಬಂದು, ಚೆನ್ನರಾಯಪ್ಪನವರ ಪಡಸಾಲೆಯಲ್ಲಿ ನಿಂತು, ಆ ಹೆಣ್ಣುಮಕ್ಕಳು ಶಿಡ್ಲಘಟ್ಟದವರಲ್ಲ, ವೆಂಕಟರವಣಪ್ಪನಿಗೂ ಅವರಿಗೂ ಯಾವ ಬಾಬತ್ತೂ ಇಲ್ಲವೆಂದು ಪ್ರಮಾಣ ಮಾಡತಕ್ಕದ್ದು. ಅದಕ್ಕೂ ಬಿಡುವಿಲ್ಲದಿದ್ದರೆ ಪ್ರಪಂಚದ ಎಲ್ಲ ವಿಳಾಸಗಳಿಗೂ ನಾಲ್ಕನೆಯ ಡಬ್ಲ್ಯು ಒಂದನ್ನು ಭಾನುವಾರ ಬೆಳಿಗ್ಗೆ ಎಂಟರೊಳಗೆ ಅಂಟಿಸತಕ್ಕದ್ದು. ಎಂಟರ ಮೇಲೆ ಒನಕೆ ಮುಟ್ಟುವ ಹೊತ್ತು ಮೀರುತ್ತದೆ.

ಇಷ್ಟನ್ನು ಶುಕ್ರವಾರದ ದಿನ ಹೊಟ್ಟೆಯುರಿಯಿಂದ, ಆದರೆ ಮರ್ಯಾದೆ ಬಿಡದೆ ಬರೆದಿದ್ದೇನೆ. ನಲವತ್ತೆಂಟು ಗಂಟೆ ಎಂದರೆ ಸರಿಯಾಗಿ ಭಾನುವಾರ. ಜೀವನದಲ್ಲಿ ಒಂದು ಸಲವಾದರೂ ತಮ್ಮ ಮಾತು ನಿಜವಾಗಲಿ.

ತಮ್ಮ ವಿಶ್ವಾಸಿ,
ತಮ್ಮ ಮೇಲೆ ವಿಶ್ವಾಸವಿಲ್ಲದ,
ವೆಂಕಟರವಣಪ್ಪ

ಮರುಲೇಖ: ಈ ಪತ್ರ ಕಳಿಸುವ ಮುನ್ನವೇ, ಶನಿವಾರ ಮಧ್ಯಾಹ್ನ, ಡಬ್ಲ್ಯು ಇಲ್ಲದ ವಿಳಾಸದಲ್ಲೂ ನನ್ನ ಮೀಸೆ ಬಂದಿದೆ. ತಮ್ಮ ಕೃಪೆಯೆಂದು ಹಿಗ್ಗಬೇಡಿ. ಜ್ಯೋತಿಲಕ್ಷ್ಮಿ ನನ್ನನ್ನು ಕೇಳದೆ ಪಾಸ್‌ವರ್ಡನ್ನು ಮೊದಲನೇ ಏಟಿಗೇ ಊಹಿಸಿದ್ದಾಳೆ. ಅದು ನನ್ನ ಹೆಸರೇ ಆಗಿತ್ತು, ಬೇರೆ ಇನ್ನಾವುದು ಇರಲು ಸಾಧ್ಯ? ಒಂದು ಕೈಯಲ್ಲಿ ಫೋನಿನಲ್ಲಿ ತಿರುಮಲೇಶ್ ಮೇಷ್ಟ್ರನ್ನು ಹಿಡಿದುಕೊಂಡು, ಇನ್ನೊಂದರಲ್ಲಿ ತಮ್ಮ ಪುಟವನ್ನು ತಡಕಾಡಿ, ಬರಿಯ ಹೆಸರಿಗೆ ಬಂದವರನ್ನೂ ಡಬ್ಲ್ಯು ಇರುವ ಕಡೆಗೆ ಕಳಿಸಿ ಎಂಬ ಪುಟ್ಟ ಚೌಕವೊಂದನ್ನು ಪತ್ತೆಹಚ್ಚಿ ಗುರುತು ಹಾಕಿದ್ದಾಳೆ. ಅರ್ಧ ಗಂಟೆಯ ಕೆಲಸ. ಆ ಚೌಕ ಅಲ್ಲಿದೆಯೆಂದು ಹೇಳಲು ತಮಗೆ ಐದು ದಿನವೂ ನಾಲ್ಕು ಉತ್ತರಗಳೂ ಸಾಲಲಿಲ್ಲ.

ಚೆನ್ನರಾಯಪ್ಪನವರು ಸಂಜೆಯೇ ಪರಿಶೀಲಿಸಿ, ಒನಕೆ ಮುಟ್ಟಬಹುದೆಂದು ಅಪ್ಪಣೆ ಕೊಡಿಸಿದ್ದಾರೆ. ಗೌರಿಬಿದನೂರಿನ ಸೈಬರ್ ಸೆಂಟರಿನವರು ತಿರುಮಲೇಶ್ ಮೇಷ್ಟ್ರ ಕಿವಿಯಲ್ಲಿ ಹೇಳಿದ ಪ್ರಕಾರ, ಬೀಗರು ಆ ಹೆಂಗಸರ ಪುಟವನ್ನು ಸೋಮವಾರ ಷಡ್ಡಕರ ಜೊತೆ ನೋಡಿದ ಮೇಲೆ, ಇತ್ಯರ್ಥವಾಯಿತೇ ಎಂದು ತಿಳಿಯಲು ಬುಧವಾರ ಒಬ್ಬರೇ ಬಂದಿದ್ದರಂತೆ, ಗುರುವಾರವೂ ಒಬ್ಬರೇ ಬಂದು ಪೂರ್ತಿ ಒಂದು ಗಂಟೆ ಪರಿಶೀಲಿಸಿದರಂತೆ. ಇದನ್ನು ಅಕ್ಕನಿಗೆ ಹೇಳಿದೆ. ಅಕ್ಕ ಬೆರಳು ಮಡಚಿ ಎಣಿಸಿ, “ಮೂರು ಸಲ ನೋಡಿದ್ರಾ? ಅದಕ್ಕೇ ಕಣೋ ಕೆಲ್ಸ ನಿಂತಿದ್ದು. ನಾಲ್ಕನೇ ಸಲಕ್ಕೆ ನೋಡು, ನೀನು ಬಂದೆ” ಎಂದು ಒನಕೆ ತೊಳೆಯಲು ಎದ್ದಳು.