ಬೆನ್ನು ತಿರುಗಿಸಿದ ಸೇನಾಪತಿ

ಈ ತಪ್ಪು ಯಾರ ಕಣ್ಣಿಗೂ ಬೀಳದಿದ್ದರೆ ಸಾಕಪ್ಪಾ ಎಂದು ಯುನ್‌ಶೂ ಬೆಳಗಿನಿಂದ ತನ್ನೊಳಗೇ ಹಲುಬುತ್ತಿದ್ದಳು. ಬೀಳದಿರಲು ಅದೇನು ಸಾಸಿವೆ ಕಾಳೇ? ಆಳೆತ್ತರದ ಸೇನಾಪತಿ, ಕೈಯಲ್ಲಿ ಗದೆ, ಮೈತುಂಬ ಕವಚ, ಓಣಿಯ ಪ್ರತಿ ಬಾಗಿಲ ಮೇಲೂ ನಿಂತಿದ್ದ.

ಚೀನೀ ಹೊಸ ವರ್ಷದ ಮುನ್ನಾದಿನ, ದೆವ್ವಗಳು ಒಳಗೆ ಬರದಂತೆ, ಜೋಡಿ ಬಾಗಿಲಿಗೆ ಜೋಡಿ ಸೇನಾಪತಿಗಳ ಚಿತ್ರ ಅಂಟಿಸಬೇಕು. ಇಬ್ಬರೂ ಮುಖಾಮುಖಿ ನಿಲ್ಲಬೇಕು. ಎಡಗಡೆಯವನ ಅಚ್ಚಿನ ಹಲಗೆ ಗೆಂಗ್ ಅಜ್ಜನ ಹಳೆಯ ಕೆತ್ತನೆ. ಬಲಗಡೆಯವನದು ಸೀಳಿಹೋಗಿತ್ತು. ಅಜ್ಜನ ಕಣ್ಣಿಗೆ ಪೊರೆ ಬಂದಿದ್ದರಿಂದ ಹೊಸದನ್ನು ಓಣಿಗೆ ತಿಳಿಯದಂತೆ ಕೆತ್ತಿದವಳು ಅವನ ಅಂಗಡಿಯಲ್ಲಿ ಅಂಟು ಕಾಯಿಸುವ ಶಿಷ್ಯೆ ಯುನ್‌ಶೂ. "ಇದೊಂದು ಸರಿಯಾಗಿ ಬಂದ್ರೆ ನನ್ನ ಉಳಿ ನಿಂಗೇ ಕಣಮ್ಮ. ಇಲ್ದಿದ್ರೆ ಅಂಟು ಕಾಯಿಸ್ಕೊಂಡಿರು" ಎಂದಿದ್ದ ಅಜ್ಜ.

ಚಿತ್ರಕಲೆಯಲ್ಲಿ ಪದವಿ ಪಡೆದವಳು, ಹಲಗೆಯಲ್ಲಿ ಕೆತ್ತಿದ್ದು ಕಾಗದದ ಮೇಲೆ ತಿರುವುಮುರುವಾಗಿ ಬೀಳುತ್ತದೆಂಬುದನ್ನೇ ಮರೆತಿದ್ದಳು. ಈಗ ಒಬ್ಬ ಸೇನಾಪತಿ ಹಲ್ಲು ಕಡಿಯುತ್ತ ಇನ್ನೊಬ್ಬನ ಬೆನ್ನು ನೋಡುತ್ತಿದ್ದ. ಆ ಇನ್ನೊಬ್ಬ ಬಸ್ಸಿಗೆ ಕಾಯುವವನ ಹಾಗೆ ಅತ್ತ ಕತ್ತು ಚಾಚಿದ್ದ.

"ಅಯ್ಯೋ, ಇವ್ರಿಬ್ರೂ ಮಾತು ಬಿಟ್ಟಿದಾರೆ!" ಮೊದಲು ಕೂಗಿದ್ದು ಎದುರುಮನೆಯ ಪಾಂಗ್ ಚಿಕ್ಕಮ್ಮ. "ಬಾಗ್ಲಲ್ಲಿ ಇವ್ರು ಮುನಿಸ್ಕೊಂಡ್ರೆ ಒಳಗೆ ಗಂಡ ಹೆಂಡ್ತಿ ವರ್ಷವಿಡೀ ಕಿತ್ತಾಡ್ತಾರೆ!"

"ನಾವಾಗ್ಲೇ ಶುರು ಮಾಡಿದೀವಲ್ಲ" ಎಂದ ಅವಳ ಗಂಡ.

ಓಣಿಗೆ ಓಣಿಯೇ ನೆರೆಯಿತು. "ಮುದುಕನ ಕಣ್ಣು ಹೋಯ್ತು, ಇನ್ನು ಕೈಯೂ ಹೋಯ್ತು" ಎಂದು ಗೆಂಗ್ ಅಜ್ಜನನ್ನೇ ಆಡಿಕೊಂಡರು. ಯುನ್‌ಶೂಗೆ 'ನಾನೇ' ಅನ್ನಬೇಕೆನಿಸಿತು. ಗಂಟಲಲ್ಲಿ ಬಿಸಿ ಕಡುಬು ಸಿಕ್ಕಿಕೊಂಡಂತಾಗಿ ಮಾತು ಹೊರಡಲಿಲ್ಲ.

"ಇವನ್ನ ಆ ಕಡೆ, ಅವನ್ನ ಈ ಕಡೆ ಅಂಟ್ಸಿ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು.

ಅಂಟಿಸಿದರು. ಈಗ ಇವನು ಅವನ ಬೆನ್ನು ನೋಡತೊಡಗಿದ.

ಪಾಂಗ್ ಚಿಕ್ಕಮ್ಮ ತೊಡೆ ತಟ್ಟಿದಳು. "ಭಾಗ್ಯ ಮನೆಗೆ ಇಳಿದು ಬರ್ಲಿ ಅಂತ ಭಾಗ್ಯದ ಅಕ್ಷರಾನ ತಲೆಕೆಳಗೆ ಅಂಟಿಸ್ತೀವಲ್ಲ, ಇವನೇನು ಅದಕ್ಕಿಂತ ದೊಡ್ಡೋನಾ?" ಎಂದವಳೇ ಇಬ್ಬರನ್ನೂ ಕಿತ್ತು ಮೊದಲಿನ ಜಾಗಕ್ಕೆ ತಂದು, ಹೊಸ ಸೇನಾಪತಿಯನ್ನು ಮಾತ್ರ ಕಾಲು ಮೇಲಾಗಿ ಅಂಟಿಸಿದಳು. ಇಬ್ಬರೂ ಎದುರುಬದುರಾದರು, ಒಬ್ಬನ ಮೂಗಿಗೆ ಇನ್ನೊಬ್ಬನ ಬೂಟು, ಅಷ್ಟೆ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಓಣಿಯವರು ಓಡಿಬಂದರು. "ನಮಗೂ ಲಾಗ ಹಾಕೋ ಸೇನಾಪತೀನೇ ಬೇಕು! ದೆವ್ವ ಬಂದ್ರೂ ನಕ್ಕು ನಕ್ಕು ವಾಪಸ್ ಹೋಗತ್ತೆ!" ಅಜ್ಜನ ಅಂಗಡಿಯಲ್ಲಿ ಒಂದು ಹಾಳೆಯೂ ಉಳಿಯಲಿಲ್ಲ.

ಸಂಜೆ ಗೆಂಗ್ ಅಜ್ಜ ಕೋಲೂರಿಕೊಂಡು ಬಂದ, ಸೊಂಟದಲ್ಲಿ ಉಳಿ. ಯುನ್‌ಶೂ ಅಂಟಿನ ಕೈ ಒರೆಸಿಕೊಂಡು ಎದ್ದು ನಿಂತಳು.

"ನಾನೇ ಬೇಕಂತ್ಲೇ ಹಾಗೆ ಕೆತ್ತಿದ್ದು ಕಣ್ರಯ್ಯಾ!" ಎಂದು ಅಜ್ಜ ಜನರೆದುರು ಮೀಸೆ ತಿರುವಿದ. "ಆದ್ರೆ ನನ್ನ ಮನಸ್ಸು ತಿಳ್ಕೊಂಡೋಳು ಇವಳೊಬ್ಳೇ. ತಗೋ ಪಾಂಗ್, ಇನ್ಮೇಲೆ ಉಳಿ ನಿಂದು. ಯುನ್‌ಶೂ, ಒಲೆ ಮೇಲೆ ಅಂಟು ಸೀದುಹೋಗ್ತಿದೆ, ನೋಡು ಹೋಗು."

ಜನ ಚಪ್ಪಾಳೆ ತಟ್ಟಿದರು. ಬೆಳಗಿನಿಂದ ಸಿಕ್ಕಿಕೊಂಡಿದ್ದ ಕಡುಬು ಆಗ ಜಾರಿತು.

"ಸುಳ್ಳು!" ಯುನ್‌ಶೂ ಓಣಿ ನಡುಗುವಂತೆ ಕಿರುಚಿದಳು. "ಆ ತಪ್ಪು ನಂದು!"